ಆರು ಸೆಕೆಂಡು ಹಳೆಯ ಅಂಗಳ

ನಮ್ಮ ಮನೆಯಲ್ಲಿ ಈಗ ನಾಯಿ ಬೊಗಳಿದರೆ ಯಾರೂ ಬಾಗಿಲಿಗೆ ಹೋಗುವುದಿಲ್ಲ. ರಿಮೋಟ್ ಹುಡುಕುತ್ತಾರೆ.

ಜಗಲಿಗೆ ಬಂದು ಕತ್ತು ಹೊರಳಿಸಿದರೆ ಅಂಗಳ, ಗೇಟು, ಗೇಟಿನಲ್ಲಿ ನಿಂತವರ ಮುಖ ಎಲ್ಲ ಕಾಣುತ್ತದೆ. ಹತ್ತು ಹೆಜ್ಜೆ ಅಷ್ಟೇ. ಆದರೆ ನಮ್ಮ ಮಾವನಿಗೆ ಅದನ್ನು ಟಿವಿಯಲ್ಲೇ ನೋಡಬೇಕು. ನಿನ್ನೆ ಸಂಜೆ ಕ್ರಿಕೆಟ್ಟಿನ ಕೊನೇ ಓವರ್. ಆರು ಬಾಲಿಗೆ ಒಂಬತ್ತು ರನ್ ಬೇಕು. ಅಡುಗೆಮನೆ ಕೆಲಸವನ್ನೆಲ್ಲ ಬೇಗ ಬೇಗ ಮುಗಿಸಿ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಮೊದಲ ಬಾಲಿಗೆ ಎರಡು ರನ್. ಎರಡನೇದಕ್ಕೆ ಬೌಲರ್ ಓಡಿ ಬರುತ್ತಿದ್ದಾನೆ, ಹೊರಗೆ ಜಿಮ್ಮಿ ಬೊಗಳಿತು. ಮಾವ ರಿಮೋಟ್ ಎತ್ತಿ ಒತ್ತಿಯೇ ಬಿಟ್ಟರು. ಬೌಲರ್ ಹೋದ. ಅಂಗಳದ ಕ್ಯಾಮೆರಾದ ಆಪ್ ತೆರೆದುಕೊಳ್ಳಲು ಒಂದಷ್ಟು ಹೊತ್ತು ಗರಗರ ತಿರುಗಿತು. ಆಮೇಲೆ ನಮ್ಮ ಗೇಟು ಬಂತು. ಅಲ್ಲಿ ಪಕ್ಕದ ಮನೆಯ ಹುಂಜ ನಿಂತಿತ್ತು. ಮಾವ ಅದನ್ನು ದೊಡ್ಡದು ಮಾಡಿ ನೋಡಿದರು. ಹುಂಜವೇ. "ಹುಂಜ" ಅಂತ ಒಳಗಿದ್ದ ಅತ್ತೆಗೂ ಕೂಗಿ ಹೇಳಿದರು. ಒಂದು ಸಲ ಹಾಕಿದ ಮೇಲೆ ನಾಲ್ಕೂ ಕ್ಯಾಮೆರಾ ನೋಡದೆ ಬಿಡುವವರಲ್ಲ ಅವರು. ಹಿತ್ತಿಲು ಆಯಿತು, ಕೊಟ್ಟಿಗೆ ಆಯಿತು, ಅಡಿಕೆ ಚಪ್ಪರ ಆಯಿತು. ಮ್ಯಾಚಿಗೆ ವಾಪಸ್ ಬಂದಾಗ ಆಟಗಾರರು ಕೈ ಕುಲುಕುತ್ತಿದ್ದರು. ಯಾರು ಗೆದ್ದರು ಅಂತ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡೆ.

ಕ್ಯಾಮೆರಾ ಬಂದಿದ್ದು ಅಡಿಕೆಯ ದೆಸೆಯಿಂದ. ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಶಿ ಇಡಿ ಅನ್ನುವ ಕೆಂಪಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ದಾಟಿದ ಮೇಲೆ ಅಂಗಳದಲ್ಲಿ ಅಡಿಕೆ ಹರವಿ ಒಳಗೆ ನಿದ್ದೆ ಮಾಡುವುದು ಕಷ್ಟ. ಸುಲಿದು ಬೇಯಿಸಿದ ಅಡಿಕೆ ದಿನಗಟ್ಟಲೆ ಬಿಸಿಲಲ್ಲಿರಬೇಕು, ರಾತ್ರಿ ಇಬ್ಬನಿಗೆ ಟಾರ್ಪಾಲು ಹೊದಿಸಬೇಕು. ಆ ಟಾರ್ಪಾಲಿನ ಅಡಿಯಲ್ಲಿ ಮನೆಯ ಇಡೀ ವರ್ಷದ ಖರ್ಚು ಮಲಗಿರುತ್ತದೆ. ಮೊದಲೆಲ್ಲ ಮಾವ ಅಲ್ಲೇ ಪಕ್ಕದಲ್ಲಿ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಚಳಿ ತಡೆಯುವುದಿಲ್ಲ, ರಾತ್ರಿಯೆಲ್ಲ ಕೆಮ್ಮು. ಇವರು, ಅಂದರೆ ನನ್ನ ಗಂಡ, ಶಿವಮೊಗ್ಗದಿಂದ ಹುಡುಗನನ್ನು ಕರೆತಂದು ನಾಲ್ಕು ಕ್ಯಾಮೆರಾ ಹಾಕಿಸಿದರು.

ಕ್ಯಾಮೆರಾದ ಚಿತ್ರವನ್ನೆಲ್ಲ ಉಳಿಸಿಕೊಳ್ಳುವ ಡಿವಿಆರ್ ಡಬ್ಬಿ ಹಾಲಿನಲ್ಲೇ ಟಿವಿ ಪಕ್ಕ ಇದ್ದಿದ್ದರೆ ಈ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಆ ಹುಡುಗ, "ಕಳ್ಳ ಬಂದ್ರೆ ಫಸ್ಟು ಡಬ್ಬಿನೇ ಹೊತ್ಕೊಂಡು ಹೋಗ್ತಾನೆ ಸಾರ್" ಅಂದುಬಿಟ್ಟ. ಹಾಗಾಗಿ ಅದು ಹೋಗಿ ಮಾವನ ಕೋಣೆಯ ಬೀರುವಿನ ಮೇಲೆ ಕೂತಿತು. ಹಾಲಿಗೂ ಆ ಕೋಣೆಗೂ ಮಧ್ಯೆ ಎರಡು ಕೋಣೆ, ಒಂದು ದೇವರ ಮನೆ. ಅಜ್ಜನ ಕಾಲದ ಮಣ್ಣಿನ ಗೋಡೆಗಳು, ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ಬಹಳ ತಂಪು ಅಂತ ಬಂದವರೆಲ್ಲ ಹೊಗಳುತ್ತಾರೆ. ಅವರ್ಯಾರೂ ಆ ಗೋಡೆಯ ಆಚೆ ಕೂತು ವೈಫೈ ಹಿಡಿಯಲು ಒದ್ದಾಡಿದವರಲ್ಲ.

ಮೊದಲು ಡಬ್ಬಿಯಿಂದ ಟಿವಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ವೈರನ್ನು ಅಟ್ಟದ ಮೇಲಿಂದ ಎಳೆದರು. ಸಾದಾ ಎಚ್‌ಡಿಎಂಐ ವೈರು ಹತ್ತು ಹದಿನೈದು ಮೀಟರ್ ದಾಟಿದರೆ ಚಿತ್ರ ಮಿಣಮಿಣ ಅನ್ನಲು ಶುರುಮಾಡುತ್ತದೆ, ಕೆಲವೊಮ್ಮೆ ಪೂರ್ತಿ ಕಪ್ಪಾಗುತ್ತದೆ. ಆದರೂ ನಮ್ಮದು ಒಂದಷ್ಟು ದಿನ ಚೆನ್ನಾಗಿಯೇ ಬಂತು. ಹೋದ ಮಳೆಗಾಲದಲ್ಲಿ ಅಟ್ಟದ ಇಲಿಗಳು ಕಡಿದು ಹಾಕಿದವು. ಹುಡುಗ ಮತ್ತೆ ಬಂದ. ಎರಡೂ ತುದಿಗೆ ಒಂದೊಂದು ಪುಟ್ಟ ಡಬ್ಬಿ ಕೂರಿಸಿ ಮಧ್ಯೆ ಲ್ಯಾನ್ ಕೇಬಲ್ ಎಳೆದರೆ 50 ಮೀಟರ್ ದೂರಕ್ಕೂ ಚಿತ್ರ ಹೋಗುತ್ತದೆ ಅಂತ ವಿವರಿಸಿದ. ಮಾವ ರೇಟು ಕೇಳಿದರು. ಆಮೇಲೆ, "ಇಲಿ ಲ್ಯಾನ್ ಕೇಬಲ್ ತಿನ್ನಲ್ವಾ?" ಅಂತಲೂ ಕೇಳಿದರು. ಹುಡುಗ ಚಹಾ ಕುಡಿದ. ಕೊನೆಗೆ ವೈರಿನ ಸಹವಾಸವೇ ಬೇಡ ಅಂತ ಟಿವಿಯಲ್ಲೇ ಆಪ್ ಹಾಕಿಕೊಟ್ಟು ಹೋದ.

ಅಲ್ಲಿಂದ ಶುರುವಾಗಿದ್ದು ನೋಡಿ ಈ ಆರು ಸೆಕೆಂಡಿನ ಕಾಟ. ವೈರಿನಲ್ಲಾದರೆ ಅಂಗಳದಲ್ಲಿ ಆಗುವುದು ಆಗಲೇ ಟಿವಿಯಲ್ಲಿ ಕಾಣುತ್ತಿತ್ತು. ಆಪಿನಲ್ಲಿ ಹಾಗಲ್ಲ. ಚಿತ್ರವನ್ನು ಕುಗ್ಗಿಸಬೇಕು, ತುಂಡು ತುಂಡಾಗಿ ಕಳಿಸಬೇಕು, ಟಿವಿ ಅದನ್ನು ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ತೋರಿಸಬೇಕು. ಮನೆಯೊಳಗೆ ನೇರ ದಾರಿ ಸಿಗದಿದ್ದರೆ ಅದು ಎಲ್ಲೋ ಇರುವ ಕಂಪನಿ ಸರ್ವರಿಗೆ ಹೋಗಿ ವಾಪಸ್ ಬರಬೇಕು. ಅಂದರೆ ನಮ್ಮ ಮಾಡಿನ ಮೇಲಿನ ಮಂಗ ಊರೆಲ್ಲ ಸುತ್ತಿಕೊಂಡು ನಮ್ಮದೇ ಹಾಲಿಗೆ ಬರುತ್ತದೆ. ತಮಾಷೆ ಅಂದರೆ 60 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಕೂತ ಇವರ ಮೊಬೈಲಿಗೆ ಆ ಮಂಗ ನಮಗಿಂತ ಮೊದಲೇ ಕಾಣಿಸುತ್ತದೆ. ಫೋನ್ ಮಾಡಿ, "ಮಂಗ ಬಂದಿದೆ ನೋಡು" ಅನ್ನುತ್ತಾರೆ. ನಾವು ಟಿವಿ ನೋಡುತ್ತಾ, "ಇಲ್ವಲ್ಲ" ಅನ್ನುತ್ತೇವೆ.

ಈ ಬೇಸಿಗೆಯಲ್ಲಿ ಅತ್ತೆ ಹಲಸಿನ ಹಪ್ಪಳ ಒಣಹಾಕಿದರು. ಪ್ರತಿವರ್ಷ ಕೋಲು ಹಿಡಿದು ಬಿಸಿಲಲ್ಲಿ ಕಾಯುತ್ತಿದ್ದವರು ಈ ಸಲ ಫ್ಯಾನಿನ ಕೆಳಗೆ ಟಿವಿ ಮುಂದೆ ಕೂತರು. ಟಿವಿಯಲ್ಲಿ ಮಂಗ ಮಾಡಿನಿಂದ ಇಳಿಯಿತು. ಅತ್ತೆ ಕೋಲು ಹಿಡಿದು ಓಡಿದರು. ಅಷ್ಟರಲ್ಲಿ ಅದು ಎರಡು ಹಪ್ಪಳ ಬಾಯಲ್ಲಿ, ಒಂದು ಕೈಯಲ್ಲಿ ಹಿಡಿದು ಮರ ಸೇರಿಯಾಗಿತ್ತು. ಬೈದು, ಕೋಲು ಬೀಸಿ, ಒಳಗೆ ಬಂದು ನೋಡಿದರೆ ಟಿವಿಯಲ್ಲಿ ಅತ್ತೆ ಇನ್ನೂ ಕೋಲು ಬೀಸುತ್ತಲೇ ಇದ್ದರು. "ನಾನು ಇಷ್ಟು ದಪ್ಪ ಆಗಿದೀನೇನೆ?" ಅಂದರು. ಹಪ್ಪಳದ ಮಾತೇ ಎತ್ತಲಿಲ್ಲ.

ಅವತ್ತಿನಿಂದ ಅತ್ತೆಗೆ ಧಾರಾವಾಹಿ ರುಚಿಸುತ್ತಿಲ್ಲ. ಅಂಗಳವೇ ಧಾರಾವಾಹಿ. ಹಾಲು ಹಾಕಲು ಡೇರಿಗೆ ಹೋಗುವವರು ಇವತ್ತು ತಡ, ಕೆಲಸಕ್ಕೆ ಬರುವವಳು ಹೊಸ ಚಪ್ಪಲಿ ಹಾಕಿದ್ದಾಳೆ, ಪೋಸ್ಟಿನವರು ಗೇಟಿನ ಹತ್ತಿರ ನಿಂತು ಕ್ಯಾಮೆರಾ ನೋಡಿ ತಲೆ ಬಾಚಿಕೊಂಡರು. ನಾನು ಬಟ್ಟೆ ಒಣಹಾಕಿ ಒಳಗೆ ಬರುವುದೇ ತಡ, "ಆ ನೀಲಿ ಸೀರೆಗೆ ಕ್ಲಿಪ್ ಹಾಕಲಿಲ್ಲ ನೀನು" ಅನ್ನುತ್ತಾರೆ. ಹಾಕಿರುತ್ತೇನೆ. ಟಿವಿಗೆ ಇನ್ನೂ ಬಂದಿರುವುದಿಲ್ಲ ಅಷ್ಟೇ. ಒಳಗೆ ಅತ್ತೆ, ಶಿವಮೊಗ್ಗದಲ್ಲಿ ಇವರು. ಮದುವೆಮನೆ ವಿಡಿಯೋದವನ ಮುಂದೆ ಹೋಗುವ ಹಾಗೆ ನಾನೀಗ ಹೊಟ್ಟೆ ಒಳಗೆ ಎಳೆದುಕೊಂಡೇ ಅಂಗಳ ದಾಟುತ್ತೇನೆ.

ಮಳೆಗಾಲದ ಕಥೆ ಜಾಸ್ತಿ ಹೇಳುವುದಿಲ್ಲ. ಗುಡುಗು ಶುರುವಾದರೆ ಎಲ್ಲ ಪ್ಲಗ್ ಕೀಳುವುದು, ನಿಂತ ಮೇಲೆ ಹಾಕುವುದು. ಡಿವಿಆರ್ ಒಳಗಿನ ಗುಂಡು ಬ್ಯಾಟರಿ ಸತ್ತುಹೋಗಿದೆ, ಹಾಗಾಗಿ ಕರೆಂಟು ಹೋಗಿ ಬಂದರೆ ತಾರೀಕು 2000ನೇ ಇಸವಿ ಜನವರಿ 1ಕ್ಕೆ ಹೋಗಿ ನಿಲ್ಲುತ್ತದೆ. "ಆಗ ಈ ಕೊಟ್ಟಿಗೆ ಎಲ್ಲಿತ್ತು, ಸುಳ್ಳು" ಅಂತ ಅತ್ತೆ ಟಿವಿಗೇ ಹೇಳಿದ್ದರು.

ಇನ್ನು ಮೊನ್ನೆ ರಾತ್ರಿಯದು. ಇದನ್ನು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ಅತ್ತೆಗೆ ನಿದ್ದೆ ಕಮ್ಮಿ. ಎರಡು ಗಂಟೆ ಹೊತ್ತಿಗೆ ಎದ್ದವರು ಸುಮ್ನೆ ಒಂದು ಸಲ ನೋಡೋಣ ಅಂತ ಟಿವಿ ಹಾಕಿದ್ದಾರೆ. ರಾತ್ರಿ ಈ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಟ್ಟುಕೊಂಡು ನೋಡುತ್ತದೆ, ಚಿತ್ರ ಕಪ್ಪು ಬಿಳುಪು. ಲೆನ್ಸಿನ ಮುಂದೆ ಜೇಡ ಬಲೆ ನೇಯ್ದಿದ್ದರೆ ಅದು ಬೆಳ್ಳಗೆ ಹೊಳೆಯುತ್ತದೆ, ಹಿಂದಿನದೆಲ್ಲ ಮಸುಕು. ಆ ಬಲೆಯ ಹಿಂದೆ, ಅಡಿಕೆ ಚಪ್ಪರದ ಮೂಲೆಯಲ್ಲಿ, ಮಂಕಿ ಟೋಪಿ ಹಾಕಿ ಕಂಬಳಿ ಹೊದ್ದ ಒಬ್ಬ ಟಾರ್ಪಾಲಿಗೆ ಕೈ ಹಾಕಿದ್ದಾನೆ. ಕೂಗಿದರೆ ಕಳ್ಳನಿಗೆ ಕೇಳುತ್ತದೆ. ಅತ್ತೆ ಜಾಣೆ. ಮಾವ ಕೋಣೆಯಲ್ಲಿ ಮಲಗಿದ್ದಾರೆ ಅಂದುಕೊಂಡು ಅವರ ಮೊಬೈಲಿಗೆ ಫೋನ್ ಮಾಡಿದರು.

"ಗಲಾಟೆ ಮಾಡಬೇಡಿ. ಅಂಗಳದಲ್ಲಿ ಕಳ್ಳ ಬಂದಿದಾನೆ."

"ಎಲ್ಲಿ?" ಮಾವನೂ ದನಿ ತಗ್ಗಿಸಿದರು.

"ಚಪ್ಪರದ ಮೂಲೇಲಿ."

ಗಾಳಿಗೆ ಎದ್ದ ಟಾರ್ಪಾಲು ಸರಿಮಾಡಲು ಹೋಗಿ ಚಪ್ಪರದ ಮೂಲೆಯಲ್ಲೇ ನಿಂತಿದ್ದ ಮಾವನಿಗೆ ಬೆನ್ನು ತಣ್ಣಗಾಯಿತಂತೆ. ಕಳ್ಳ ಹಿಂದೆಯೇ ಇದ್ದಾನೆ ಅಂದುಕೊಂಡರು. "ಒಬ್ನಾ?"

"ಒಬ್ನೇ. ಗಟ್ಟಿ ಆಳು."

ಈಗ ಟಿವಿಯಲ್ಲಿ ಕಳ್ಳ ಕಂಬಳಿಯೊಳಗಿಂದ ಮೊಬೈಲ್ ತೆಗೆದು ಕಿವಿಗೆ ಇಟ್ಟುಕೊಂಡ. "ಅಯ್ಯೋ ದೇವ್ರೇ, ಯಾರಿಗೋ ಫೋನ್ ಮಾಡ್ತಿದಾನೆ! ಇನ್ನೂ ಜನ ಬರ್ತಾರೆ!" ಅಂದರು ಅತ್ತೆ. ಮಾವ ಗೋಡೆಗೆ ಒರಗಿಸಿದ್ದ, ಕಾಯಿ ಕೀಳುವ ದೋಟಿ ಎತ್ತಿಕೊಂಡರು. ಐದಾರು ಸೆಕೆಂಡು ಆಯಿತು. "ದೋಟಿ ತಗೊಂಡ! ನಮ್ದೇ ದೋಟಿ!" ಮಾವ ಧೈರ್ಯ ಹೇಳಿದರು: "ಹೆದರಬೇಡ, ನನ್ನ ಕೈಯಲ್ಲೂ ದೋಟಿ ಇದೆ." ನಮ್ಮ ಮನೆಯಲ್ಲಿ ಇರುವುದೇ ಒಂದು ದೋಟಿ. ಆ ಹೊತ್ತಿನಲ್ಲಿ ಇಬ್ಬರಿಗೂ ಅದು ಹೊಳೆಯಲಿಲ್ಲ.

ಅತ್ತೆ ಬಂದು ನನ್ನನ್ನು ಅಲುಗಾಡಿಸಿ ಎಬ್ಬಿಸಿದರು. ನಾನು ಟಿವಿ ಮುಂದೆ ನಿಂತಾಗ ಕಳ್ಳ ದೋಟಿ ಹಿಡಿದು ಒಂದು ಸುತ್ತು ತಿರುಗಿ, ಯಾರನ್ನೋ ಹುಡುಕಿ, ಮತ್ತೆ ಇನ್ನೊಂದು ಸುತ್ತು ತಿರುಗುತ್ತಿದ್ದ. ಟೋಪಿಯ ತುದಿಯಲ್ಲಿ ಉಲ್ಲನ್ ಚೆಂಡು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡಿ ಆ ಟೋಪಿ ತಂದವಳು ನಾನೇ. ಬಾಗಿಲು ತೆಗೆದು ಅಂಗಳದ ಲೈಟ್ ಹಾಕಿದೆ. "ಒಳಗೆ ಹೋಗು, ಕಳ್ಳ ಇದಾನೆ!" ಅಂತ ಮಾವ ಅಲ್ಲಿಂದ ಪಿಸುಗುಟ್ಟಿದರು. "ಲೈಟ್ ಹಾಕಬೇಡ್ವೇ, ಕಳ್ಳ ನೋಡ್ತಾನೆ!" ಅಂತ ಅತ್ತೆ ಇಲ್ಲಿಂದ. ಜಿಮ್ಮಿ ಮಾವನ ಕಾಲಬುಡದಲ್ಲಿ ಬಾಲ ಅಲ್ಲಾಡಿಸುತ್ತಿತ್ತು. ಹುಂಜಕ್ಕೆ ಬೊಗಳುವ ನಾಯಿ. ಆಮೇಲೆ ನಿಧಾನಕ್ಕೆ ಟಿವಿಗೂ ಬೆಳಕು ಬಂತು, ಬಣ್ಣ ಬಂತು, ಮಾವನ ಮುಖ ಬಂತು.

ಅತ್ತೆ ನಗಲಿಲ್ಲ. "ಅಪರಾತ್ರಿಯಲ್ಲಿ ಹೊರಗೆ ಹೋಗೋರು ಹೇಳಿ ಹೋಗಬಾರದಾ?" ಅಂದು ಹೋಗಿ ಮಲಗಿದರು. ಮಾವನಿಗೆ ಬೇಜಾರೇನೂ ಇಲ್ಲ. ಎಲ್ಲ ಮುಗಿದ ಮೇಲೆ ಅವರ ಮನಸ್ಸಿನಲ್ಲಿ ಉಳಿದಿರುವುದು "ಗಟ್ಟಿ ಆಳು" ಅನ್ನುವುದೊಂದೇ. ಮಾರನೇ ದಿನ ಬಂದವರಿಗೆಲ್ಲ ಕ್ಯಾಮೆರಾ ಬಹಳ ಉಪಯೋಗ ಅಂದರು. ಇವರು ಆ ವಿಡಿಯೋವನ್ನು ಮನೆಯವರ ಗ್ರೂಪಿಗೆ ಹಾಕಿ ಪುಣ್ಯ ಕಟ್ಟಿಕೊಂಡರು.

ಅತ್ತೆಯನ್ನು ಇಷ್ಟು ಆಡಿಕೊಳ್ಳಬಾರದು, ನಿಜ. ದೀಪಾವಳಿಗೆ ನಾದಿನಿ ಮಕ್ಕಳ ಜೊತೆ ಬೆಂಗಳೂರಿನಿಂದ ಬಂದಿದ್ದಳು. ಹೊರಡುವಾಗ ಅವಳ ಚಿಕ್ಕ ಮಗ ಕಾರಿನ ಕಿಟಕಿಯಿಂದ ಕ್ಯಾಮೆರಾ ಕಡೆಗೇ ಕೈ ಬೀಸಿದ. ಅಜ್ಜಿ ಎಲ್ಲಿ ಕೂತು ನೋಡುತ್ತಾರೆ ಅಂತ ಅವನಿಗೂ ಗೊತ್ತು. ಆಮೇಲೆ ಒಂದು ಮಧ್ಯಾಹ್ನ ಅತ್ತೆ, "ಅವತ್ತಿಂದು ಹಾಕಿಕೊಡೆ" ಅಂದರು. ಹುಡುಕಿದೆ. ಇರಲಿಲ್ಲ. ಡಿಸ್ಕ್ ತುಂಬಿದರೆ ಡಿವಿಆರ್ ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡು ಹೋಗುತ್ತದೆ, ಯಾವುದು ಯಾರಿಗೆ ಬೇಕು ಅಂತ ಕೇಳುವುದಿಲ್ಲ. ಮೊಮ್ಮಗನ ಮೇಲೆ ಹುಂಜ ಬಂದು ಕೂತಿತ್ತು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡು, ಗೇಟೇ ಹಾಕು" ಅಂದರು.

ಇವತ್ತು ಬೆಳಿಗ್ಗೆ ಇನ್ನೊಂದು ಆಯಿತು. ಎರಡನೇ ಕ್ಯಾಮೆರಾದ ಬಲೆ ತೆಗೆಯಲು ಮಾವ ಏಣಿ ಹಾಕಿ ಹತ್ತಿದರು. ಬಟ್ಟೆಯಲ್ಲಿ ಒರೆಸುವಾಗ ಕ್ಯಾಮೆರಾ ತಿರುಗಿಹೋಯಿತು. ಅದನ್ನು ಸರಿಮಾಡಿಸಲು ಅತ್ತೆ ಟಿವಿ ಮುಂದೆ, ಮಾವ ಏಣಿ ಮೇಲೆ, ನಾನು ಬಾಗಿಲಲ್ಲಿ ನಿಂತು ಅಲ್ಲಿಯ ಮಾತು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ. "ಇನ್ನೂ ಬಲಕ್ಕೆ" ಅನ್ನುತ್ತಾರೆ ಅತ್ತೆ. ಮಾವ ತಿರುಗಿಸುತ್ತಾರೆ. ಟಿವಿಯಲ್ಲಿ ಏನೂ ಅಲ್ಲಾಡುವುದಿಲ್ಲ. "ಇನ್ನೂ, ಇನ್ನೂ" ಅನ್ನುತ್ತಾರೆ. ಮಾವ ಮತ್ತೆ ತಿರುಗಿಸುತ್ತಾರೆ. ಆಮೇಲೆ ಮೂರೂ ಸಲದ್ದು ಒಟ್ಟಿಗೆ ಬಂದು ಟಿವಿಯಲ್ಲಿ ತೆಂಗಿನ ಮರ ಬರುತ್ತದೆ. "ಅಯ್ಯೋ ಜಾಸ್ತಿ ಆಯ್ತು, ಎಡಕ್ಕೆ!" ಎಡಕ್ಕೂ ಅದೇ ಕಥೆ. ಆರು ಸೆಕೆಂಡು ಕಾದು ಹೇಳಿ ಅತ್ತೆ ಅಂದರೆ, "ಅಷ್ಟು ಹೊತ್ತು ಅವರನ್ನ ಏಣಿ ಮೇಲೆ ನಿಲ್ಲಿಸಬೇಕೇನೆ?" ಅಂತ ನನಗೇ ಬೈಗುಳ. ಅವರು ಏಣಿ ಮೇಲೆ ಅದಾಗಲೇ ಅರ್ಧ ಗಂಟೆ ಕಳೆದಿದ್ದರು.

ಎರಡನೇ ಕ್ಯಾಮೆರಾದಲ್ಲಿ ಈಗ ಗೋಬರ್ ಗ್ಯಾಸಿನ ಡ್ರಮ್ಮು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅಡಿಕೆ ಚಪ್ಪರ ಮೂಲೆಯಲ್ಲಿ ಅರ್ಧ. ಇವರು ಫೋನ್ ಮಾಡಿ, ಭಾನುವಾರ ಬರ್ತೀನಿ, ಅಲ್ಲಿವರೆಗೂ ಯಾರೂ ಮುಟ್ಟಬೇಡಿ ಅಂದಿದ್ದಾರೆ. ಮಾವ ಹೂಂ ಅಂದಿದ್ದಾರೆ. ಏಣಿಯನ್ನು ಮಾತ್ರ ಇನ್ನೂ ತೆಗೆದಿಟ್ಟಿಲ್ಲ.