ಗದಗಿನ ಅಜ್ಜಿ ಕಲಿಸಿದ್ದು

ಮನೆ ಬಿಟ್ಟು ಒಂದು ವರ್ಷ ಚರ್ಚಿನ ಸೇವೆಗೆ ಹೋದವರ ಈ ಲೇಖನ ಓದಿ ಕಣ್ಣು ತುಂಬಿತು. ಮೊದಲ ತಿಂಗಳು ನನ್ನಿಂದ ಯಾರಿಗೂ ಉಪಯೋಗವಿಲ್ಲ ಅನಿಸಿತ್ತು ಎಂದು ಬರೆದಿದ್ದೀರಿ. ನನಗೂ ಹಾಗೇ ಆಗಿತ್ತು. ನಾನು ಮಂಗಳೂರು ಕಡೆಯವಳು, ಮನೆಮಾತು ಕೊಂಕಣಿ. ಗದಗಿನಲ್ಲಿ ಸಿಸ್ಟರುಗಳು ನಡೆಸುವ ವೃದ್ಧಾಶ್ರಮದಲ್ಲಿ ಎಂಟು ತಿಂಗಳು ಇದ್ದೆ.

ಅಲ್ಲೊಬ್ಬರು ಲಿಂಗಾಯತ ಅಜ್ಜಿ. ಬೆಳಿಗ್ಗೆ ತಿಂಡಿ ತಟ್ಟೆ ಇಟ್ಟರೆ ಮುಟ್ಟುತ್ತಿರಲಿಲ್ಲ. ಹಟ ಅಂದುಕೊಂಡು ಎರಡು ದಿನ ಗದರಿದೆ. ಮೂರನೇ ದಿನ ನೋಡಿದರೆ, ಹಣೆಗೆ ವಿಭೂತಿ ಹಚ್ಚಿ, ನಡುಗುವ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಿದ್ದಾರೆ. ಪೂಜೆ ಆಗದೆ ತುತ್ತು ಇಳಿಯುವುದಿಲ್ಲ, ಅಷ್ಟೇ. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು. ಆಮೇಲೆ ಅವರ ಪೂಜೆ ಮುಗಿಯುವವರೆಗೆ ನಾನು ಪಕ್ಕದಲ್ಲೇ ಕೂತು ಜಪಮಾಲೆ ಹೇಳುತ್ತಿದ್ದೆ. ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟರೆ "ನೀ ಉಂಡಿಯೇನವ್ವಾ?" ಅಂತ ಮೊದಲು ನನ್ನನ್ನೇ ಕೇಳುತ್ತಿದ್ದರು.

ಸೇವೆಗೆ ಹೊರಟವರಿಗೆ ಒಂದು ಮಾತು. ಮನೆ ಭೇಟಿಗೆ ಒಬ್ಬರೇ ಹೋಗಬೇಡಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಾಮ್ ಮತ್ತು ಗೆಳೆಯರು ಶುರು ಮಾಡಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಎಂಬ ಕ್ಯಾಥೋಲಿಕ್ ಸೇವಾ ಸಂಘದವರು ಇಬ್ಬಿಬ್ಬರಾಗಿಯೇ ಬಡವರ ಮನೆಗೆ ಹೋಗುತ್ತಾರೆ. ನಾನು ಗದಗಿನ ಪಕ್ಕದ ಬೆಟಗೇರಿಯಲ್ಲಿ ಒಂದು ಮನೆಗೆ ಒಬ್ಬಳೇ ಹೋಗಿ, ಅಲ್ಲಿನ ಮಾತು ಸರಿಯಾಗಿ ತಿಳಿಯದೆ, ಮಾತ್ರೆಗಳ ಹೆಸರನ್ನೇ ತಪ್ಪು ಬರೆದುಕೊಂಡು ಬಂದಿದ್ದೆ. ಊರಿನವರು ಯಾರಾದರೂ ಜೊತೆಗಿದ್ದಿದ್ದರೆ ಹಾಗಾಗುತ್ತಿರಲಿಲ್ಲ ಅಲ್ವಾ?

ನಾನು ಹೊರಡುವ ದಿನ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೈಗಿಟ್ಟರು. ಬೇಡ ಅಂದರೂ ಬಿಡಲಿಲ್ಲ. ಆ ನೋಟು ಇನ್ನೂ ನನ್ನ ಜಪಮಾಲೆಯ ಡಬ್ಬಿಯಲ್ಲಿದೆ.