ಕೀಲು ಮತ್ತು ಕೀಲಿ

ಕಳೆದ ಸೋಮವಾರ ಬೆಳಿಗ್ಗೆ ಆರೂವರೆಗೆ, ಈಜುಕೊಳದ ಎದೆಮಟ್ಟದ ನೀರಿನಲ್ಲಿ ಆಚೆಯ ಗೋಡೆಯಿಂದ ಈಚೆಯ ಗೋಡೆಗೆ ನಾನು ಗಂಭೀರವಾಗಿ ನಡೆಯುತ್ತಿದ್ದಾಗ, ದಡದಲ್ಲಿದ್ದ ಹುಡುಗ ಸೀಟಿ ಊದಿ, “ಅಂಕಲ್, ವಾಕಿಂಗ್ ಮಾಡೋದಿದ್ರೆ ಪಾರ್ಕ್‌ಗೆ ಹೋಗಿ” ಎಂದನು. ಅರವತ್ತಾರು ವರ್ಷ ಬದುಕಿ, ತಿಂಗಳ ಶುಲ್ಕವನ್ನು ಮುಂಗಡವಾಗಿ ಕಟ್ಟಿ, ಮೀಸೆ ಚಿಗುರದವನ ಸೀಟಿಗೆ ಬೆಚ್ಚಿ ನಿಲ್ಲುವ ಯೋಗ ಎಲ್ಲರಿಗೂ ಬರುವುದಿಲ್ಲ.

ಮಂಡಿ ಸವೆದು ಪಾರ್ಕಿನಲ್ಲಿ ನಡೆಯಲಾಗದೆಯೇ ನಾನು ನೀರಿಗಿಳಿದದ್ದು. ಸೊಂಟದವರೆಗಿನ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಎದೆಮಟ್ಟದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಅಂದರೆ 78 ಕಿಲೋ ತೂಗುವ ನಾನು ಅಲ್ಲಿ 26 ಕಿಲೋದ ಮನುಷ್ಯ. ಅಷ್ಟು ತೂಗುತ್ತಿದ್ದ ವಯಸ್ಸಿನಲ್ಲಿ ಮಂಡಿ ಎಂಬುದೊಂದಿದೆಯೆಂದು ನನಗೆ ಗೊತ್ತಾಗುತ್ತಿದ್ದುದೇ ಅದನ್ನು ತರಚಿಕೊಂಡಾಗ. ಜೊತೆಗೆ, ನೀರು ಪ್ರತಿ ಹೆಜ್ಜೆಗೂ ಅಡ್ಡ ಬರುವುದರಿಂದ ತೊಡೆಯ ಸ್ನಾಯುಗಳು ಗಟ್ಟಿಯಾಗಿ, ಸವೆದ ಕೀಲಿಗೆ ಆಸರೆಯಾಗುತ್ತವೆ. ಇದನ್ನೆಲ್ಲ ಸೀಟಿಗೆ ಹೇಳುವುದು ಹೇಗೆ?

ಇನ್ನು ನೀರನ್ನು ಕುಡಿದೇ ಮಂಡಿ ಸರಿಮಾಡಿಕೊಳ್ಳಿ ಎನ್ನುವವರೊಂದು ಪಂಗಡ. ನೆರೆಮನೆಯವರು, ದಿನಕ್ಕೆ ಐದು ಲೀಟರ್ ಕುಡಿದರೆ ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟಂತೆ ಎಂದು ಉಪದೇಶಿಸುತ್ತಾರೆ. ಕೀಲಿನೊಳಗೆ ಮೆತ್ತೆಯಂತಿರುವ ಮೃದ್ವಸ್ಥಿಯ ಬಹುಪಾಲು ನೀರೇ ಎಂಬುದು ನಿಜ. ಆದರೆ ಗಂಟಲಿನಿಂದ ಮಂಡಿಗೆ ನೇರವಾಗಿ ಪೈಪು ಹಾಕಿದ್ದಾರೆಯೇ? ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ನಡೆಯುವ ಕೆಲಸವೂ ಅದೇ ಮಂಡಿಯ ಪಾಲಿಗೆ ಬರುತ್ತದೆ.

ಪೈಪಿನ ಮಾತು ಬಂದದ್ದರಿಂದ ನಮ್ಮ ಬೀದಿಗೆ ನೀರು ಬಿಡುವವರ ವಿಷಯ ಹೇಳಲೇಬೇಕು. ದಿನ ಬಿಟ್ಟು ದಿನ, ಹಾಲಿನವನಿಗಿಂತ ಮೊದಲು, ಮೇಲ್ತುದಿಗೆ ಅಡ್ಡಹಿಡಿಯಿರುವ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಆತ ಬರುತ್ತಾರೆ. ಮೂಲೆಮನೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಗುಂಡಿಯ ಮುಚ್ಚಳ ಸರಿಸಿ, ಒಳಗೆ ಸದಾ ನಿಂತಿರುವ ಕೆಸರುನೀರಿಗೆ ಕಾಲಿಟ್ಟು, ಕೀಲಿಯನ್ನು ವಾಲ್ವಿಗೆ ಸಿಕ್ಕಿಸಿ, ಎತ್ತಿನ ಗಾಣದಂತೆ ಅದರ ಸುತ್ತ ತುಟಿಯಲ್ಲೇ ಎಣಿಸುತ್ತ ತಿರುಗುತ್ತಾರೆ. ಎಣಿಕೆ ಒಂದು ಸುತ್ತು ತಪ್ಪಿದರೂ ಕೆಳಗಿನ ಬೀದಿಯವರು ಜಗಳಕ್ಕೆ ಬರುತ್ತಾರಂತೆ. ಆ ಪೈಪಿನಲ್ಲಿ ಬರುವ ಕಾವೇರಿಯಾದರೂ ಎಂಥವಳು! ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳ ಪಂಪುಗಳಿಂದ ಮತ್ತೆ ನೂಕಿಸಿಕೊಂಡು, ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಏರಿ ಬೆಂಗಳೂರಿಗೆ ಬರುತ್ತಾಳೆ. 1974ರಿಂದ ಏರುತ್ತಲೇ ಇದ್ದಾಳೆ. ನಾನೋ, ನಮ್ಮ ಮನೆಯ ಹದಿನಾಲ್ಕು ಮೆಟ್ಟಿಲಿಗೆ ಎರಡು ಕಡೆ ನಿಲ್ಲುತ್ತೇನೆ; ನೂಕುವವರು ಯಾರೂ ಇಲ್ಲ.

ಸೀಟಿಯ ಅವಮಾನ ಆರದಿದ್ದ ನಾನು, ಮರುದಿನ ನಸುಕಿನಲ್ಲಿ ನೀರು ಬಿಡುವ ಆತನೆದುರು ಜಲವ್ಯಾಯಾಮದ ಮಹಿಮೆಯನ್ನು ಬಣ್ಣಿಸಿದೆ. ನೀರಿನ ಮನುಷ್ಯನಿಗಾದರೂ ಅರ್ಥವಾದೀತೆಂಬ ಆಸೆ. ಆತ ಪೂರ್ತಿ ಕೇಳಿ, ಗುಂಡಿಯಿಂದ ಒಂದು ಕಾಲನ್ನು ಮೇಲೆತ್ತಿ, ಪ್ಯಾಂಟು ಮಡಚಿ, ಮಂಡಿಗೆ ಬಿಗಿದಿದ್ದ ಮಾಸಿದ ಪಟ್ಟಿಯನ್ನು ತೋರಿಸಿದರು.

“ನಂದೂ ಹೋಗಿದೆ ಸಾರ್. ಇಪ್ಪತ್ತೆಂಟು ವರ್ಷದಿಂದ ನೀರಲ್ಲೇ ಇದೀನಲ್ಲ.”

ನೀರು ಎದೆಮಟ್ಟಕ್ಕಿರಬೇಕು, ಪಾದಮಟ್ಟಕ್ಕಲ್ಲ ಎಂದು ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಸಂಪಿನೊಳಗೆ ನೀರು ಬೀಳುವ ಸದ್ದು ಕೇಳಿಸಿತು. ಮೇಲಿನ ಮೋಟರ್ ಸ್ವಿಚ್ಚು ಹಾಕಲು, ಪೂರ್ತಿ 78 ಕಿಲೋವನ್ನು ಹೊತ್ತುಕೊಂಡು, ಗೋಡೆ ಹಿಡಿದು ಮೆಟ್ಟಿಲು ಹತ್ತತೊಡಗಿದೆ.