ರಾಗಿಗೆ ಅವಮಾನ ಆಯ್ತಂತೆ!

ಈಗಷ್ಟೇ ಒಂದು ಟಿವಿ ಚರ್ಚೆ ನೋಡಿ ತಲೆ ಕೆಟ್ಟಿದೆ. "ಒರಟು ಧಾನ್ಯ ಕೆಳದರ್ಜೆಯ ಸರಕು ಅಂತ ಮಕ್ಕಳಿಗೆ ಕಲಿಸ್ತಾರೆ, ಇದು ನಮ್ಮ ರಾಗಿಗೆ ಅವಮಾನ" ಅಂತ ಒಬ್ಬರು ಗುಡುಗಿದರು. ಉಳಿದವರು ತಲೆಯಾಡಿಸಿದರು. ಪಿಯುಸಿ ಅರ್ಥಶಾಸ್ತ್ರ ಪುಸ್ತಕದಲ್ಲಿ ಈ ಮಾತಿರುವ ಪುಟ ಒಬ್ಬರೂ ತೆರೆದಂತಿಲ್ಲ.

ಈ 'ಕೆಳದರ್ಜೆ'ಗೂ ಗುಣಮಟ್ಟಕ್ಕೂ ಸಂಬಂಧವೇ ಇಲ್ಲ ಮಾರಾಯ್ರೇ. ಆದಾಯ ಏರಿದಾಗ ಯಾವುದನ್ನು ಕಡಿಮೆ ಕೊಳ್ಳುತ್ತೀರೋ ಅದು ಆ ಹೊತ್ತಿಗೆ ನಿಮ್ಮ ಪಾಲಿಗೆ ಕೆಳದರ್ಜೆ, ಅಷ್ಟೇ. ಒಂದು ಮನೆಯ ಆದಾಯ 20,000ದಿಂದ 25,000 ಆಯ್ತು ಅನ್ನಿ, ಶೇ 25 ಏರಿಕೆ. ಅಕ್ಕಿ 20 ಕೆ.ಜಿ.ಯಿಂದ 21ಕ್ಕೆ ಹೋಯ್ತು, ಶೇ 5. ಐದನ್ನು ಇಪ್ಪತ್ತೈದರಿಂದ ಭಾಗಿಸಿದರೆ 0.2, ಇದೇ ಆದಾಯ ಸ್ಥಿತಿಸ್ಥಾಪಕತ್ವ, ಅಂದರೆ ಆದಾಯ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತೆ ಅನ್ನುವ ಅಳತೆ. ತಿಂಗಳಿಗೆ 4 ಸಲದ ಹೋಟೆಲ್ ಊಟ 6 ಸಲ ಆದರೆ ಶೇ 50 ಏರಿಕೆ, ಅಳತೆ 2. ರಾಗಿ 8 ಕೆ.ಜಿ.ಯಿಂದ 6ಕ್ಕಿಳಿದರೆ ಮೈನಸ್ 1. ಸೊನ್ನೆಗಿಂತ ಕೆಳಗಿಳಿದದ್ದಕ್ಕೆ ಆ ಹೆಸರು. ಇದೇ ಮನೆಗೆ ತಿಂಗಳಿಗೆ ಎರಡು ಲಕ್ಷ ಬರಲಿ, ಮಾಲ್ಟು, ಬಿಸ್ಕತ್ತು, ಹುರಿಹಿಟ್ಟು ಅಂತ ಅದೇ ರಾಗಿ ಮತ್ತೆ ಪ್ಲಸ್ಸಿಗೆ ಬರಬಹುದು. ಆಗ ಅವಮಾನ ವಾಪಸ್ಸೇ?

"ಉಳ್ಳವರು ರಾಗಿಗೆ ಮರಳೋದು ದುಡ್ಡಿಂದಲ್ಲ, ಸಕ್ಕರೆ ಕಾಯಿಲೆಯಿಂದ" ಅನ್ನುವವರಿದ್ದಾರೆ. ಸರಿ, ಅದು ಅಭಿರುಚಿಯ ಬದಲಾವಣೆ, ಬೇರೆ ಖಾತೆಗೆ ಬರೆದುಕೊಳ್ಳಿ. ನನ್ನ ಲೆಕ್ಕ ಅದರಿಂದ ಸುಳ್ಳಾಗಲ್ಲ.

ನಿಜವಾಗಿ ಎಡವುವುದು ಬೇರೆ ಕಡೆ. ಅಗ್ಗದ ಅಕ್ಕಿ ಬಿಟ್ಟು ಸೋನಾ ಮಸೂರಿ ತಂದವರ ಖರ್ಚು ಏರುತ್ತೆ, ಬೇಯಿಸೋದು ಅದೇ ಎರಡು ಪಾವು. ರೂಪಾಯಿ ನೋಡಿ ಬೇಡಿಕೆ ಏರಿತು ಅಂದರೆ ಆಯ್ತು ಕಥೆ! 2013ರಲ್ಲಿ ಅನ್ನಭಾಗ್ಯದ ಅಕ್ಕಿ ಕೆ.ಜಿ.ಗೆ 1 ರೂಪಾಯಿಗೆ ಬಂತು, 2015ರಲ್ಲಿ ಪುಕ್ಕಟೆಯಾಯ್ತು. ಅದರಿಂದ ರಾಗಿ ಮುದ್ದೆ ಕಡಿಮೆಯಾದ ಮನೆಯಲ್ಲಿ ಕೆಲಸ ಮಾಡಿದ್ದು ಬೆಲೆ, ಆದಾಯವಲ್ಲ. ಸಂಬಳ ಶೇ 5 ಏರಿ ಬೆಲೆಗಳು ಶೇ 6 ಏರಿದರಂತೂ ಕೊಳ್ಳುವ ಶಕ್ತಿ ಕುಗ್ಗಿ ಆದಾಯ ಇಳಿದಿದೆ ಅಂತಲೇ ಲೆಕ್ಕ.

ಅಕ್ಕಿ, ಹೋಟೆಲ್ ಊಟದ ಇದೇ ಜಾಡು ದೇಶದ ಮಟ್ಟದಲ್ಲಿ ಬೇಕಿದ್ದರೆ ಕೇಂದ್ರದ ಬಳಕೆ ವೆಚ್ಚ ಸಮೀಕ್ಷೆ ನೋಡಿ. ಹಳ್ಳಿಗಳ ಖರ್ಚಿನಲ್ಲಿ ಏಕದಳ ಧಾನ್ಯದ ಪಾಲು 2011-12ರಲ್ಲಿ ಶೇ 10.69, 2022-23ರಲ್ಲಿ 4.91. ಪಾನೀಯ ಮತ್ತು ಸಂಸ್ಕರಿತ ತಿಂಡಿಗಳದ್ದು 7.90ರಿಂದ 9.62. ಇದನ್ನೂ ಕಣ್ಣುಮುಚ್ಚಿ ನಂಬಬೇಡಿ: ಪುಕ್ಕಟೆ ಸಿಕ್ಕ ಧಾನ್ಯದ ಬೆಲೆ ಆ 4.91ರಲ್ಲಿ ಸೇರಿಲ್ಲ, ಸೇರಿಸಿದರೆ ಪಾಲು ಹೆಚ್ಚುತ್ತೆ.

ಆ ಪದ ನನಗೂ ಇಷ್ಟವಿಲ್ಲ, ಒಪ್ಪಿದೆ. 'ಆದಾಯ ಏರಿದರೆ ಬೇಡಿಕೆ ಇಳಿಯುವ ಸರಕು' ಅಂತ ಬೇಕಾದರೆ ಬದಲಿಸಲಿ. ಪರೀಕ್ಷೆಯಲ್ಲಿ ಬರೆದು ಬರೆದು ಮಕ್ಕಳ ಕೈ ನೋಯುತ್ತೆ, ರಾಗಿಯ ಮಾನವಾದರೂ ಉಳಿಯುತ್ತೆ.